ಎರಡೂ ಒಂದೇ ಮಾಡೆಲ್ಲು

"ಎರಡೂ ಒಂದೇ ಮಾಡೆಲ್ಲು ಸಾರ್." ಈ ಮಾತನ್ನು ಅಂಗಡಿಯವರು ಹೇಳ್ತಾರೆ, ಕಸ್ಟಮರ್ ಕೇರ್‌ನವರು ಹೇಳ್ತಾರೆ. ನಾವು ಸಾಫ್ಟ್‌ವೇರ್‌ನವರು ಅದನ್ನೇ ಸ್ವಲ್ಪ ತಿರುಗಿಸಿ "ನನ್ನ ಮಷೀನ್‌ನಲ್ಲಿ ಸರಿಯಾಗೇ ಓಡ್ತಿದೆಯಲ್ಲ" ಅಂತ ದಿನಾ ಹೇಳ್ತೀವಿ. ಹೇಳಿದವನ ಕೆಲಸ ಅಲ್ಲಿಗೆ ಮುಗಿಯಿತು. ಕೇಳಿಸಿಕೊಂಡವನಿಗೆ ಉಳಿಯುವುದು ಎರಡೇ ದಾರಿ: ತನ್ನ ಕಣ್ಣು ಕಿವಿಯೇ ಸರಿಯಿಲ್ಲ ಅಂತ ಒಪ್ಪಿಕೊಂಡು ಮನೆಗೆ ಹೋಗುವುದು, ಇಲ್ಲಾ ಕೌಂಟರ್ ಮುಂದೆ ನಿಂತು ಜಗಳ ಆಡುವುದು.

ಒಂದೇ ಥರದ ಎರಡು ವಸ್ತುಗಳಲ್ಲಿ ಯಾರೋ ಒಬ್ಬರಿಗೆ ವ್ಯತ್ಯಾಸ ಕಾಣುತ್ತೆ, ಉಳಿದವರಿಗೆ ಕಾಣುವುದಿಲ್ಲ ಅಂತಿಟ್ಟುಕೊಳ್ಳಿ. ಸಾಬೀತು ಮಾಡುವ ಹೊಣೆ ಅವರದಾ? ಅಥವಾ ನಂಬಿ ಹುಡುಕುವ ಹೊಣೆ ನಮ್ಮದಾ? ಕಳೆದ ವರ್ಷ ಈ ಪ್ರಶ್ನೆ ನಮ್ಮ ಮನೆಯವರ ನಡುವೆ ಎರಡು ಸಲ ಬಂತು. ಒಂದು ಸಲ ಆಟದ ಥರ, ಇನ್ನೊಂದು ಸಲ ಆಟ ಅಲ್ಲದ ಥರ. ನ್ಯಾಯವಾಗಿ ನೋಡಿದರೆ ಎರಡಕ್ಕೂ ಒಂದೇ ಉತ್ತರ ಇರಬೇಕಿತ್ತು. ಇಲ್ಲ ಅನ್ನುವುದು ನನ್ನ ಅನಿಸಿಕೆ. ಯಾಕೆ ಇಲ್ಲ ಅಂತ ಯೋಚಿಸಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಆಟದ್ದು. ಹೆಡ್‌ಫೋನ್ ಆಂಪ್ಲಿಫೈಯರ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಒಂದು ಡಬ್ಬಿ. ಫೋನಿಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಸಿದರೆ ಫೋನು ಕೊಡಲಾಗದ ಶಕ್ತಿಯನ್ನು ಇದು ಕೊಡುತ್ತೆ. ನಾನು ಒಂದೇ ಆರ್ಡರಿನಲ್ಲಿ ಎರಡು ತರಿಸಿದೆ. ಒಂದು ನನಗೆ, ಒಂದು ಸೊರಬದಲ್ಲಿರುವ ಭಾವನಿಗೆ. ಭಾವ ಮೇಷ್ಟ್ರು, ರಜೆ ಸಿಕ್ಕರೆ ತಾಳಮದ್ದಳೆಗೆ ಮದ್ದಳೆ ಬಾರಿಸಲು ಹೋಗುವವರು. ಎರಡು ವಾರ ಕೇಳಿ, ಒಂದು ಭಾನುವಾರ ನನ್ನದನ್ನೂ ಇಸಕೊಂಡು ಕೇಳಿ, "ನಿಂದರಲ್ಲಿ ಧ್ವನಿ ಎದುರಿಗೇ ಬಂದು ಕೂರ್ತದೆ ಮಾರಾಯ, ನಂದರಲ್ಲಿ ಪರದೆ ಹಿಂದಿದ್ದ ಹಾಗೆ" ಅಂದರು.

ಇದನ್ನು ಕೇಳಿ ನಕ್ಕುಬಿಡುವುದು ಸುಲಭ. ಆಂಪ್ಲಿಫೈಯರ್ ಲೋಕದಲ್ಲಿ ಹೀಗೆ ನಗುವವರ ದೊಡ್ಡ ಗುಂಪೇ ಇದೆ, ಅವರ ಹತ್ತಿರ ಕಾರಣಗಳೂ ಇವೆ. 1987ರಲ್ಲಿ ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆ ಅಗ್ಗದ್ದರಿಂದ ಹಿಡಿದು ಸಾವಿರಾರು ಡಾಲರ್ ಬೆಲೆಯವರೆಗಿನ ಆಂಪ್ಲಿಫೈಯರ್‌ಗಳನ್ನು, ಯಾವುದು ಯಾವುದು ಅಂತ ಹೇಳದೆ ಜನರಿಗೆ ಕೇಳಿಸಿತು. ಗುರುತು ಹಿಡಿಯಲು ಆಗಲಿಲ್ಲ. 2011ರಲ್ಲಿ ತನ್ನ ನಿಜ ಹೆಸರು ಹೇಳದ ಒಬ್ಬ ಇಂಜಿನಿಯರ್ ‘ಓ2’ ಅಂತ ಹೆಡ್‌ಫೋನ್ ಆಂಪ್ಲಿಫೈಯರ್ ವಿನ್ಯಾಸ ಮಾಡಿ, ನಕ್ಷೆಯನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟ. ಸರಿಯಾಗಿ ಅಳೆದು ಮಾಡಿದ ಅಗ್ಗದ ಡಬ್ಬಿಗೂ ದುಬಾರಿ ಡಬ್ಬಿಗೂ ಕಿವಿಗೆ ವ್ಯತ್ಯಾಸ ಗೊತ್ತಾಗಲ್ಲ ಅನ್ನುವುದು ಅವನ ವಾದ. ಮರುವರ್ಷ ಆ ಮನುಷ್ಯ ಮಾಯವಾದ, ಇವತ್ತಿಗೂ ಯಾರು ಅಂತ ಪತ್ತೆಯಿಲ್ಲ. ಬೇರೆ ಬೇರೆ ಕಂಪನಿಯ ಡಬ್ಬಿಗಳ ಕತೆಯೇ ಹೀಗಿದ್ದರೆ ಒಂದೇ ಕಂಪನಿಯ, ಒಂದೇ ಲಾಟಿನ ಎರಡು ಡಬ್ಬಿಗಳ ನಡುವೆ ವ್ಯತ್ಯಾಸ ಎಲ್ಲಿಂದ ಬರಬೇಕು?

ಆದರೆ ಮುಚ್ಚಳ ತೆಗೆದವನಿಗೆ ಅಷ್ಟು ಸುಲಭವಾಗಿ ನಗು ಬರೋದಿಲ್ಲ. ಒಳಗಿರುವ ರೆಸಿಸ್ಟರ್‌ನ ಮೇಲೆ ‘ಶೇಕಡಾ 1’ ಅಥವಾ ‘ಶೇಕಡಾ 5’ ಅನ್ನುವ ಟಾಲರೆನ್ಸ್ ಗುರುತು ಇರುತ್ತೆ. ಬರೆದ ಬೆಲೆಗಿಂತ ಅಷ್ಟು ಹೆಚ್ಚುಕಮ್ಮಿ ಇದ್ದರೂ ಅದು ಪಾಸು ಅಂತ ಅರ್ಥ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿಗೆ ಶೇಕಡಾ 20 ಮಾಮೂಲು. ವಾಲ್ಯೂಮ್ ತಿರುಗಿಸುವ ಪಾಟ್ ಇನ್ನೂ ಸಡಿಲ. ಎರಡು ಡಬ್ಬಿಯ ಗುಬುಟನ್ನು ಒಂದೇ ಗೆರೆಗೆ ನಿಲ್ಲಿಸಿದರೂ ಧ್ವನಿ ಒಂದೇ ಇರುತ್ತೆ ಅನ್ನುವ ಭರವಸೆಯಿಲ್ಲ. ಒಂದೇ ಡಬ್ಬಿಯ ಎಡ ಬಲ ಕಿವಿಗಳ ನಡುವೆಯೇ ಇರೋದಿಲ್ಲ. ‘ಒಂದೇ ಮಾಡೆಲ್’ ಅಂದರೆ ‘ಒಂದೇ’ ಅಲ್ಲ, ‘ಇಷ್ಟರೊಳಗಿನ ವ್ಯತ್ಯಾಸವನ್ನು ನಾವು ವ್ಯತ್ಯಾಸ ಅಂತ ಕರೆಯುವುದಿಲ್ಲ’ ಎಂದು ಯಾರೋ ಮಾಡಿದ ಒಪ್ಪಂದ. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಭಾವ ಇರಲಿಲ್ಲ.

ಮದ್ದಳೆ ಬಾರಿಸುವವರಿಗೆ ಇದೆಲ್ಲ ಹೊಸದೇ ಅಲ್ಲ. ಒಬ್ಬರೇ ಕೂತು, ಒಂದೇ ಮರದಲ್ಲಿ ಎರಡು ಮದ್ದಳೆ ಮಾಡಿದರೂ ಎರಡಕ್ಕೂ ಎರಡು ಗಂಟಲು. ಚರ್ಮ ಬೇರೆ, ಬಿಗಿತ ಬೇರೆ, ನಡುವೆ ಹಾಕಿದ ಕರಿ ಕರಣೆಯ ದಪ್ಪ ಬೇರೆ. ಆ ಕರಣೆ ಸುಮ್ಮನೆ ಅಲಂಕಾರಕ್ಕಲ್ಲ ಅಂತ ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು: ನಡುವೆ ಭಾರ ಹಾಕಿದ್ದರಿಂದಲೇ ನಮ್ಮ ಮೃದಂಗ, ತಬಲಾದ ಉಪಸ್ವರಗಳು ತಂತಿವಾದ್ಯದ ಹಾಗೆ ಲೆಕ್ಕಕ್ಕೆ ಕೂರುತ್ತವೆ, ಬರೀ ಚರ್ಮದ ಡೋಲಿನಲ್ಲಿ ಕೂರುವುದಿಲ್ಲ. ಹಾಗಾಗಿ "ಎರಡು ಒಂದೇ ಥರ ಇರ್ತವೆ" ಅನ್ನುವುದೇ ಭಾವನಿಗೆ ವಿಚಿತ್ರವಾದ ಮಾತು. ಬೇರೆ ಅಂದಾಗ ನಾನು ಪುರಾವೆ ಕೇಳ್ತೀನಿ, ಒಂದೇ ಅಂದಾಗ ಅವರು ಪುರಾವೆ ಕೇಳ್ತಾರೆ.

ಸೊರಬದಿಂದ ಶಿಕಾರಿಪುರಕ್ಕೆ ಬರುವ ದಾರಿಯಲ್ಲಿ ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿ ಇದೆಯಲ್ಲ, ಅಲ್ಲಿ ಈ ಜಗಳ ಎಂಟುನೂರು ವರ್ಷದ ಹಿಂದೆ ಪಾಠವಾಗಿತ್ತು ಅಂದರೆ ನಂಬ್ತೀರಾ? ಬಳ್ಳಿಗಾವಿ ಅಂದ ಕೂಡಲೇ ಎಲ್ಲರೂ ಅಲ್ಲಮಪ್ರಭುವನ್ನು ನೆನೆಯುತ್ತಾರೆ. ಹರಿಹರನ ರಗಳೆಯ ಅಲ್ಲಮ ಮದ್ದಳೆ ಬಾರಿಸುವವನು ಅನ್ನುವುದು ಭಾವನ ಬಹುದೊಡ್ಡ ಹೆಮ್ಮೆ. ನನಗೆ ಕುತೂಹಲ ಇರುವುದು ಅಲ್ಲಿಯ ಕೇದಾರೇಶ್ವರ ಗುಡಿಗೆ ಸೇರಿದ್ದ ಕೋಡಿಯ ಮಠದ ಬಗ್ಗೆ. ಕಾಳಾಮುಖರ ಮಠ. 1162ರ ಶಾಸನ ಅಲ್ಲಿ ಏನೇನು ಓದಿಸುತ್ತಿದ್ದರು ಅಂತ ಉದ್ದಕ್ಕೆ ಪಟ್ಟಿ ಕೊಡುತ್ತೆ: ವೇದ, ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ ಕೂಡ. ಕುಂಟರು, ಕುರುಡರು, ಕಿವುಡರಿಗೆ ಅನ್ನ ಹಾಕುವ ಜಾಗ, ರೋಗಿಗಳಿಗೆ ಔಷಧ ಕೊಡುವ ಜಾಗ ಅಂತಲೂ ಅದೇ ಶಾಸನ ಹೇಳುತ್ತೆ. ಬಿಇ ಓದಿದ ನಾಲ್ಕು ವರ್ಷದಲ್ಲಿ ಈ ವಿಷಯ ನನಗೆ ಯಾರೂ ಹೇಳಲಿಲ್ಲ. ಸಿಲಬಸ್ಸಿನಲ್ಲಿ ಇರಲಿಲ್ಲ, ಬಿಡಿ.

ವೈಶೇಷಿಕರಿಗೆ ಆ ಹೆಸರು ಬಂದಿದ್ದೇ ‘ವಿಶೇಷ’ ಅನ್ನುವ ಮಾತಿನಿಂದ. ಅವರ ಪ್ರಶ್ನೆ ನೋಡಿ: ಒಂದೇ ಥರದ ಎರಡು ಗಡಿಗೆ ಬೇರೆ ಬೇರೆ ಅಂತ ಹೇಗೆ ಗೊತ್ತು? ಅವುಗಳ ಭಾಗಗಳು ಬೇರೆ. ಭಾಗಗಳು ಬೇರೆ ಯಾಕೆ? ಆ ಭಾಗಗಳ ಭಾಗಗಳು ಬೇರೆ. ಹೀಗೆ ಇಳಿಯುತ್ತಾ ಹೋದರೆ ಕೊನೆಗೆ ಪರಮಾಣು ಸಿಗುತ್ತೆ. ಅದಕ್ಕೆ ಭಾಗಗಳೇ ಇಲ್ಲ. ಒಂದೇ ಜಾತಿಯ ಎರಡು ಪರಮಾಣುಗಳಿಗೆ ಗುಣದಲ್ಲೂ ಭೇದವಿಲ್ಲ. ಆದರೂ ಅವು ಎರಡು ತಾನೇ? ಹಾಗಾದರೆ ಪ್ರತಿಯೊಂದರಲ್ಲೂ ಅದನ್ನು ಅದೇ ಆಗಿಸುವ ಏನೋ ಒಂದು ಇರಲೇಬೇಕು. ಅದೇ ವಿಶೇಷ. ಇದಕ್ಕಿಂತ ಎಷ್ಟೋ ಆಚೆಗೆ ಜರ್ಮನಿಯ ಲೈಬ್ನಿಜ್ ಇನ್ನೊಂದು ತುದಿಯಿಂದ ಬಂದ. ಎಲ್ಲ ಗುಣದಲ್ಲೂ ಒಂದೇ ಆಗಿರುವ ಎರಡು ವಸ್ತು ಲೋಕದಲ್ಲಿ ಇರಲಿಕ್ಕೇ ಸಾಧ್ಯವಿಲ್ಲ ಅಂತ ಅವನ ವಾದ. ಹೆರೆನ್‌ಹೌಸನ್ ಅರಮನೆಯ ತೋಟದಲ್ಲಿ ಒಬ್ಬ ಗೃಹಸ್ಥರು "ನಾನು ಹುಡುಕಿ ತೋರಿಸ್ತೀನಿ" ಅಂತ ಹೊರಟು, ಒಂದೇ ಥರದ ಎರಡು ಎಲೆಗಾಗಿ ತೋಟವೆಲ್ಲಾ ಓಡಾಡಿ ಬರಿಗೈಲಿ ಬಂದ ಕತೆಯನ್ನು ಅವನೇ ಬರೆದಿದ್ದಾನೆ.

ಆಂಪ್ಲಿಫೈಯರ್ ಪರಮಾಣು ಅಲ್ಲ, ಗಡಿಗೆ. ಹಾಗಾಗಿ ವೈಶೇಷಿಕರ ಪ್ರಕಾರ ಇಲ್ಲಿ ಗುಟ್ಟು ಏನೂ ಇಲ್ಲ, ಭಾಗಗಳನ್ನು ಹುಡುಕಿದರೆ ಸಾಕು. ಎರಡೂ ಬೇರೆ ಅನ್ನುವುದರಲ್ಲಿ ಅನುಮಾನವೇ ಬೇಡ. ಉಳಿದ ಪ್ರಶ್ನೆ, ಆ ಬೇರೆತನ ಭಾವನ ಕಿವಿವರೆಗೆ ಬರುತ್ತಾ ಅನ್ನುವುದು. ಅದಕ್ಕೆ ನ್ಯಾಯದರ್ಶನದವರ ಹತ್ತಿರ ಹೋಗಬೇಕು. ಪ್ರತ್ಯಕ್ಷ ಜ್ಞಾನಕ್ಕೆ ಅವರ ಸೂತ್ರ ಹಾಕುವ ಶರತ್ತುಗಳಲ್ಲಿ ಒಂದು ‘ಅವ್ಯಪದೇಶ್ಯ’. ವ್ಯಾಖ್ಯಾನಗಳು ಹಲವು ಇವೆ, ನನಗೆ ಹಿಡಿಸಿದ ಅರ್ಥ ಇಷ್ಟು: ಆ ಜ್ಞಾನ ಹೆಸರಿನಿಂದ ಹುಟ್ಟಿರಬಾರದು, ವಸ್ತುವಿನಿಂದ ಹುಟ್ಟಿರಬೇಕು. ‘ಇದು ನಿಂದು, ಇದು ನಂದು’ ಅಂತ ಗೊತ್ತಿದ್ದುಕೊಂಡು ಕೇಳುವಾಗ ಕಿವಿಗೆ ಹೆಸರು ಮೊದಲು ತಲುಪುತ್ತೆ, ಧ್ವನಿ ಆಮೇಲೆ. ಬ್ಲೈಂಡ್ ಟೆಸ್ಟ್ ಅಂದರೆ ಹೆಸರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕೋದು, ಅಷ್ಟೇ. ಕೇಳುವಿಕೆಯಲ್ಲಿ ಈ ಪದ್ಧತಿಯನ್ನು ಕ್ರಮಬದ್ಧ ಮಾಡಿದ್ದು 1950ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಮನ್ಸನ್ ಮತ್ತು ಗಾರ್ಡ್ನರ್.

ನಾವೂ ಮಾಡಿದೆವು. ಭಾವನ ಮನೆಯ ನಡುಮನೆ, ಒಂದು ಟಾಗಲ್ ಸ್ವಿಚ್ಚು, ಎರಡು ಡಬ್ಬಿಯ ಮೇಲೂ ಟವೆಲ್ಲು. ಅಕ್ಕನ ಮಗಳು ಒಳಗೆ ಕೂತು ನಾಣ್ಯ ಚಿಮ್ಮಿ, ಬಿದ್ದ ಪ್ರಕಾರ ಸ್ವಿಚ್ ಹಾಕಿ, ಪಟ್ಟಿಯಲ್ಲಿ ಬರೆದುಕೊಳ್ಳೋದು. ನಾನು ಅಂಗಳದಲ್ಲಿ. ಭಾವ ಮಲ್ಲಿಕಾರ್ಜುನ ಮನ್ಸೂರರ ಒಂದು ಆಲಾಪದ ತುಣುಕು ಕೇಳಿ ‘ನಂದು’ ಅಥವಾ ‘ಅವನದು’ ಅನ್ನೋದು. 16 ಸಲದಲ್ಲಿ 14 ಸರಿ! ಬರೀ ಅದೃಷ್ಟದಿಂದ ಅಷ್ಟು ಸರಿ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು ಎರಡು. ಭಾವ ಮೀಸೆ ತಿರುವಿದರು, ಅಕ್ಕ ಕಾಫಿ ತಂದಳು.

ಆಮೇಲೆ ನಾನು ಮಲ್ಟಿಮೀಟರ್ ತೆಗೆದೆ. ಒಂದೇ ಸಿಗ್ನಲ್ ಕೊಟ್ಟು, ಹೆಡ್‌ಫೋನ್ ಸಿಕ್ಕಿಸಿಯೇ ಅಳೆದರೆ ಭಾವನದರಲ್ಲಿ 0.500 ವೋಲ್ಟ್, ನನ್ನದರಲ್ಲಿ 0.530. ಅಂದರೆ ಅರ್ಧ ಡೆಸಿಬೆಲ್ ಜೋರು. ಇಷ್ಟು ಚಿಕ್ಕ ಅಂತರವನ್ನು ನಮ್ಮ ಕಿವಿ ‘ಜೋರು’ ಅಂತ ಓದುವುದೇ ಇಲ್ಲ. ‘ಸ್ಪಷ್ಟ’, ‘ಎದುರಿಗೆ ಬಂತು’, ‘ಪರದೆ ಸರಿಯಿತು’ ಅಂತ ಓದುತ್ತೆ. ಆಡಿಯೋ ಅಂಗಡಿಯವರಿಗೆಲ್ಲ ಗೊತ್ತಿರುವ ಹಳೇ ವಿದ್ಯೆ ಇದು: ಮಾರಬೇಕಾದ್ದನ್ನು ಒಂದು ಕೂದಲೆಳೆಯಷ್ಟು ಜೋರಾಗಿ ಕೇಳಿಸಿದರೆ ಸಾಕು. ಲ್ಯಾಪ್‌ಟಾಪಿನಲ್ಲಿ ಆ ಅಂತರ ಸರಿಮಾಡಿ ಮತ್ತೆ 16 ಸಲ ಕೇಳಿಸಿದೆವು. ಈ ಸಲ 9 ಸರಿ. ಅಷ್ಟು ಯಾರಿಗೆ ಬೇಕಾದರೂ ಬರುತ್ತೆ. ಕಣ್ಣು ಮುಚ್ಚಿ ಊಹೆ ಮಾಡಿದರೂ 9 ಅಥವಾ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ 40.

ಈಗ ಭಾವ ಹೇಳಿದ್ದು ನಿಜವಾ ಸುಳ್ಳಾ? ‘ಬೇರೆ’ ಅಂದದ್ದು ಪೂರ್ತಿ ನಿಜ. ‘ಪರದೆ’ ಅಂದ ವಿವರಣೆ ತಪ್ಪು. ನಾವು ಜನರ ಮಾತನ್ನು ತೂಗುವಾಗ ಈ ಎರಡನ್ನು ಬಿಡಿಸಿ ನೋಡುವುದೇ ಇಲ್ಲ. ವಿವರಣೆ ತಪ್ಪು ಅಂತ ಗೊತ್ತಾದ ಕೂಡಲೇ ಅನುಭವವನ್ನೂ ಕಸದ ಬುಟ್ಟಿಗೆ ಹಾಕ್ತೀವಿ. ಪ್ರೊಡಕ್ಷನ್‌ನಲ್ಲಿ ಯಾರೋ ಯೂಸರ್ "ನಿಮ್ಮ ಆಪ್ ನನ್ನ ಬ್ಯಾಟರಿ ತಿಂತಿದೆ" ಅಂತ ದೂರು ಕೊಡ್ತಾನೆ, ನಾವು ಬ್ಯಾಟರಿ ನೋಡಿ ಸರಿಯಿದೆ ಅಂತ ಟಿಕೆಟ್ ಕ್ಲೋಸ್ ಮಾಡ್ತೀವಿ. ಅವನ ಫೋನು ಬಿಸಿಯಾಗಿದ್ದು ಮಾತ್ರ ನಿಜವಾಗಿರುತ್ತೆ.

ಇಲ್ಲಿಯವರೆಗೆ ಯಾರಿಗೂ ನಷ್ಟವಿಲ್ಲ. ಇನ್ನೊಂದು ಸಂಗತಿ ಹಾಗಲ್ಲ.

ಶಿಕಾರಿಪುರದ ಹತ್ತಿರದ ಊರಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಕಿವಿ ಮಂದ. ಅವಳು ಹಾಕಿಕೊಳ್ಳುವುದು ಪಾಕೆಟ್ ಮಾಡೆಲ್ ಕಿವಿ ಮಷೀನು: ಡಬ್ಬಿ ರವಿಕೆಗೆ ಸಿಕ್ಕಿಸಿ, ಅದರಿಂದ ಒಂದು ವೈರು, ವೈರಿನ ತುದಿಯಲ್ಲಿ ಕಿವಿಗೆ ಕೂರುವ ಗುಂಡಿ. ಯೋಚಿಸಿ ನೋಡಿ, ಅದೂ ಹೆಡ್‌ಫೋನ್ ಆಂಪ್ಲಿಫೈಯರೇ. ಮೈಕು ಒಂದು ಹೆಚ್ಚು. ಹಳೇದು ಹಾಳಾದೀತು ಅಂತ ಅದೇ ಕಂಪನಿ, ಅದೇ ಮಾಡೆಲ್ಲು ಇನ್ನೊಂದು ತರಿಸಿಕೊಟ್ಟಿದ್ದೆವು. ಎರಡು ದಿನ ಹಾಕಿಕೊಂಡು ತೆಗೆದಿಟ್ಟಳು. "ಹೊಸದರಲ್ಲಿ ಸದ್ದು ಕೇಳ್ತದೆ, ಮಾತು ಕೇಳಲ್ಲ." ಅಂಗಡಿಗೆ ತಗೊಂಡು ಹೋದರೆ ಅವರು ಬಾಯಿ ಹತ್ತಿರ ತಂದು "ಹಲೋ ಹಲೋ" ಅಂದು, "ಎರಡೂ ಒಂದೇ ಮಾಡೆಲ್ಲು, ವಯಸ್ಸಾಯ್ತಲ್ಲ, ಅಭ್ಯಾಸ ಆಗಬೇಕು" ಅಂತ ಕಳಿಸಿದರು. ಮನೆಯಲ್ಲೂ ನಿಧಾನಕ್ಕೆ ಅದೇ ಮಾತು. ಅವಳೂ ಹೇಳುವುದು ಬಿಟ್ಟಳು. ಊಟಕ್ಕೆ ಕೂತಾಗ ಎಲ್ಲರೂ ನಕ್ಕರೆ ತಾನೂ ನಗುತ್ತಿದ್ದಳು, ಒಂದು ಕ್ಷಣ ತಡವಾಗಿ.

"ಸದ್ದು ಕೇಳ್ತದೆ, ಮಾತು ಕೇಳಲ್ಲ" ಅನ್ನುವುದು ಹುಚ್ಚು ಮಾತಲ್ಲ. ವಯಸ್ಸಿಗೆ ಮಂದವಾಗುವ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಆವರ್ತನಗಳನ್ನು. ಸ, ಶ, ತ, ಟ ಇಂಥ ವ್ಯಂಜನಗಳ ಗುರುತು ಇರುವುದೇ ಅಲ್ಲಿ. ಸ್ವರಗಳ ಗುರುತು ಕೆಳಗೆ. ಮೇಲಿನದು ಹೋದರೆ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಮಷೀನು ಮೇಲಿನದನ್ನು ಎತ್ತಿಕೊಡದೆ ಬರೀ ಕೆಳಗಿನದನ್ನು ಜೋರು ಮಾಡಿದರೆ ಆಗುವುದೂ ಅದೇ. ಅಂಗಡಿಯ "ಹಲೋ ಹಲೋ" ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ.

ನಾನು ಸೊರಬದಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡೋಣ ಅಂದೆ. ದೊಡ್ಡಮ್ಮನಿಗೆ ಸಿಟ್ಟು ಬಂತು. "ನಾ ಸುಳ್ಳು ಹೇಳ್ತೀನಿ ಅಂತ ಮಾಡಿಯೇನ ತಮಾ?" ಇದು ಸಣ್ಣ ಪ್ರಶ್ನೆಯಲ್ಲ. ಭಾವನಿಗೆ ಟೆಸ್ಟ್ ಅಂದರೆ ಪಂದ್ಯ. ಅವಳಿಗೆ ಅದು ಪಂಚಾಯ್ತಿ, ಅವಳ ಮಾತಿನ ಮೇಲೆ ನಡೆಯುವ ವಿಚಾರಣೆ. ನನ್ನ ಮನಸ್ಸಿನಲ್ಲಿ ಅನುಮಾನ ಇದ್ದದ್ದು ಅವಳ ಸತ್ಯದ ಮೇಲಲ್ಲ ಅಂತ ನಾನು ಎಷ್ಟು ಹೇಳಿದರೂ, ಎರಡು ತಿಂಗಳು ಯಾರೂ ನಂಬದೇ ಇದ್ದವಳಿಗೆ ಆ ಸೂಕ್ಷ್ಮ ಯಾಕೆ ಬೇಕು? "ನೀನು ಹೇಳಿದ್ದು ಅಂಗಡಿಯವನಿಗೆ ತೋರಿಸಬೇಕು, ಅದಕ್ಕೆ ಲೆಕ್ಕ ಬೇಕು" ಅಂದ ಮೇಲೆ ಒಪ್ಪಿದಳು.

20 ಪದ. ಹಾಲು, ಸಾಲು, ಕಾಲು, ಪಾಲು. ಸರ, ಮರ, ಬರ. ಹತ್ತಿ, ಕತ್ತಿ, ಬತ್ತಿ, ಹೀಗೆ. ಬಾಯಿಗೆ ಅಡ್ಡ ಪೇಪರ್ ಹಿಡಿದು ಓದಿದೆ, ಯಾಕಂದರೆ ಕಿವಿ ಮಂದ ಆದವರು ತಮಗೇ ಗೊತ್ತಿಲ್ಲದೆ ತುಟಿ ಓದುತ್ತಾರೆ. ಯಾವ ಮಷೀನು ಸಿಕ್ಕಿಸಿದೆ ಅಂತ ಅತ್ತಿಗೆಗೆ ಮಾತ್ರ ಗೊತ್ತು. ಡಬ್ಬಿ ಸೆರಗಿನ ಒಳಗೆ. ವಾಲ್ಯೂಮನ್ನು ದೊಡ್ಡಮ್ಮನೇ ತನಗೆ ಹಿತವಾದಲ್ಲಿ ನಿಲ್ಲಿಸಿಕೊಂಡಳು. ಹಳೇದರಲ್ಲಿ 16 ಸರಿ, ಹೊಸದರಲ್ಲಿ 9. ಆಮೇಲೆ ಎರಡರ ಗುಂಡಿಗಳನ್ನು ಅದಲುಬದಲು ಮಾಡಿ ಪದಗಳ ಸಾಲು ಕಲೆಸಿ ಮತ್ತೆ ಓದಿದೆ. ಹಳೇ ಡಬ್ಬಿಗೆ ಹೊಸ ಗುಂಡಿ: 10. ಹೊಸ ಡಬ್ಬಿಗೆ ಹಳೇ ಗುಂಡಿ: 15. ವ್ಯತ್ಯಾಸ ಡಬ್ಬಿ ಬಿಟ್ಟು ಗುಂಡಿಯ ಜೊತೆ ಹೋಯಿತು. ಗಡಿಗೆಯ ಭಾಗದಲ್ಲಿ ಹುಡುಕಿ ಅಂತ ವೈಶೇಷಿಕರು ಹೇಳಿದ್ದು ಇದನ್ನೇ. ನೋಡೋಕೆ ಎರಡೂ ಗುಂಡಿ ಒಂದೇ. ಬೇರೆ ಗುಂಡಿ ಹಾಕಿಸಿದ್ದಕ್ಕೆ ಐದುನೂರು ರೂಪಾಯಿಯೂ ಆಗಲಿಲ್ಲ.

ಈಗ ಹೊಣೆಯ ಪ್ರಶ್ನೆ. ಭಾವನಿಗೆ "ಸಾಬೀತು ಮಾಡಿ" ಅಂದಾಗ ನನಗೆ ಏನೂ ಅನಿಸಲಿಲ್ಲ. ದೊಡ್ಡಮ್ಮನಿಗೆ ಹಾಗೆ ಹೇಳುವುದು ಸರಿಯಲ್ಲ ಅಂತ ಇವತ್ತೂ ಅನಿಸುತ್ತೆ, ಟೆಸ್ಟ್ ಒಂದೇ ಆದರೂ. ಅವಳು ಹಿರಿಯಳು, ಪಾಪ ಅನ್ನುವ ಕಾರಣಕ್ಕಲ್ಲ. ‘ಒಂದೇ’ ಅನ್ನುವ ಮಾತಿನಿಂದ ಲಾಭ ಯಾರಿಗೆ ಅಂತ ನೋಡಿ. ದುಬಾರಿ ಕೇಬಲ್ ಮಾರುವವನಿಗೆ ‘ಬೇರೆ’ ಅನ್ನುವುದು ಲಾಭ. ಅವನ ಹತ್ತಿರ ಪುರಾವೆ ಕೇಳಲೇಬೇಕು. ಕಿವಿ ಮಷೀನಿನ ಅಂಗಡಿಗೆ ‘ಒಂದೇ’ ಅನ್ನುವುದು ಲಾಭ, ಮನೆಯವರಿಗೂ ಲಾಭ. ನಮಗೆ ಇನ್ನೊಂದು ಸಲ ಪೇಟೆಗೆ ಹೋಗುವುದು ತಪ್ಪಿತು. ಜೊತೆಗೆ ಅಳೆಯುವ ಮೀಟರು ಯಾರ ಕೈಲಿದೆ ಅಂತಲೂ ನೋಡಬೇಕು. ಭಾವನಿಗೆ ಬೇಕೆನಿಸಿದರೆ ತಾನೇ ಸ್ವಿಚ್ಚು ತಂದು ಪರೀಕ್ಷೆ ಮಾಡಿಕೊಳ್ಳಬಹುದು. ದೊಡ್ಡಮ್ಮ ತನ್ನ ಕಿವಿಯನ್ನು ತಾನೇ ಬ್ಲೈಂಡ್ ಟೆಸ್ಟ್ ಮಾಡಿಕೊಳ್ಳಲು ಆಗುತ್ತಾ? ಸಾಬೀತು ಮಾಡುವ ದಾರಿಯೇ ಇಲ್ಲದವರಿಗೆ ಸಾಬೀತು ಮಾಡು ಅನ್ನುವುದು ಸುಮ್ಮನಿರು ಅನ್ನುವುದರ ಇನ್ನೊಂದು ರೂಪ.

ಒಂದು ಕಷ್ಟದ ಪ್ರಶ್ನೆ ಉಳಿದಿದೆ, ತಪ್ಪಿಸಿಕೊಳ್ಳಲ್ಲ. ಅವಳಿಗೆ ಎರಡರಲ್ಲೂ 12, 12 ಬಂದಿದ್ದರೆ? ಆಗ ಅಂಗಡಿಯವನೇ ಸರಿ ಅಂತ ಹೇಳಬೇಕಿತ್ತಾ? ನನ್ನ ಉತ್ತರ: ಗುಂಡಿಯಲ್ಲಿ ಹುಡುಕುವುದನ್ನು ನಿಲ್ಲಿಸುತ್ತಿದ್ದೆ, ಹುಡುಕುವುದನ್ನೇ ನಿಲ್ಲಿಸುತ್ತಿರಲಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಒಂದೊಂದೇ ಪದ ಹಿಡಿಯುವುದು ಬೇರೆ, ಮದುವೆ ಮನೆಯ ಗಲಾಟೆಯಲ್ಲಿ ಮಾತು ಹಿಡಿಯುವುದು ಬೇರೆ. ಅಷ್ಟೇ ಅಂಕ ತೆಗೆಯಲು ಎರಡರಷ್ಟು ದಣಿಯಬೇಕಾಗಬಹುದು. ನನ್ನ ಟೆಸ್ಟು ಅಂಕ ಅಳೆಯುತ್ತೆ, ದಣಿವು ಅಳೆಯಲ್ಲ. ಹಾಗಂತ ಯಾರು ಏನು ಹೇಳಿದರೂ ನಂಬಬೇಕು ಅನ್ನುವವರ ಜೊತೆ ನಾನು ಇಲ್ಲ. ಟೆಸ್ಟ್ ಮಾಡದೆ ಬರೀ ನಂಬಿದ್ದರೆ ಅವಳಿಗೆ ಇನ್ನೊಂದು ಇಡೀ ಮಷೀನು ಕೊಡಿಸಿರುತ್ತಿದ್ದೆವು, ಅದರ ಗುಂಡಿ ಹೇಗಿರುತ್ತಿತ್ತೋ.

ನಮ್ಮನ್ನೂ ಆಫೀಸಿನಲ್ಲಿ ‘ರಿಸೋರ್ಸ್’ ಅಂತಲೇ ಕರೆಯುವುದು. ಒಂದೇ ಬ್ಯಾಚು, ಒಂದೇ ಡಿಗ್ರಿ, ಒಂದೇ ಬ್ಯಾಂಡು. ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಸಿಕ್ಕಿಸಬಹುದು ಅಂತ ಎಕ್ಸೆಲ್ ಶೀಟಿನ ನಂಬಿಕೆ. ಅದೇ ಆಫೀಸಿನಲ್ಲಿ ಅಪ್ರೈಸಲ್ ಬಂದಾಗ ನಮ್ಮ ನಡುವೆ ಅರ್ಧ ಡೆಸಿಬೆಲ್ ವ್ಯತ್ಯಾಸವೂ ಕೇಳಿಸಿಬಿಡುತ್ತೆ. ಕೇಳುವವರಿಗೆ ಯಾರು ಯಾರು ಅಂತ ಮೊದಲೇ ಗೊತ್ತಿರುತ್ತೆ, ಟವೆಲ್ ಹಾಕುವವರು ಯಾರೂ ಇಲ್ಲ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ಭಾವ ಇನ್ನೂ ಸೋಲೊಪ್ಪಿಲ್ಲ. 16ಕ್ಕೆ 9 ಬಂದದ್ದಕ್ಕೆ ಅವರ ಆಕ್ಷೇಪ ಇದು: "ಅರ್ಧರ್ಧ ನಿಮಿಷದ ತುಣುಕು ಹದಿನಾರು ಸಲ ಕೇಳೋದೂ, ಆರು ತಿಂಗಳು ಒಂದರ ಜೊತೆ ಇರೋದೂ ಒಂದೇನಾ? ಮದ್ದಳೆ ಗುಣ ಗೊತ್ತಾಗೋಕೆ ಒಂದು ಮಳೆಗಾಲ ಬೇಕು." ಇದಕ್ಕೆ ನನ್ನ ಹತ್ತಿರ ವಾದದ ಉತ್ತರ ಇಲ್ಲ, ಪ್ರಯೋಗದ ಉತ್ತರ ಇದೆ. ಎರಡೂ ಡಬ್ಬಿಗೆ ಕರಿ ಟೇಪು ಸುತ್ತಿ, ಜೋರನ್ನು ಸಮ ಮಾಡಿ, ಗುಬುಟು ತಿರುಗದ ಹಾಗೆ ಅಂಟು ಹಾಕಿ, ಎರಡನ್ನೂ ಅಕ್ಕನ ಮಗಳ ವಶಕ್ಕೆ ಕೊಟ್ಟಿದ್ದೇವೆ. ತಿಂಗಳಿಗೊಂದು ಸಲ ಅವಳು ನಾಣ್ಯ ಚಿಮ್ಮಿ ಯಾವುದೋ ಒಂದನ್ನು ಅಪ್ಪನ ಮೇಜಿನ ಮೇಲೆ ಇಡ್ತಾಳೆ. ಭಾವ ಕೇಳಿ, ಯಾವುದು ಅನಿಸಿತು ಅಂತ ಡೈರಿಯಲ್ಲಿ ಬರೀತಾರೆ. ಈಗ ನಾಲ್ಕನೇ ತಿಂಗಳು. ಅವಳ ಪಟ್ಟಿ ಅವಳ ಕಂಪಾಸ್ ಬಾಕ್ಸಿನಲ್ಲಿದೆ, ಡೈರಿ ಬೀರುವಿನಲ್ಲಿದೆ. ಒಂದು ವರ್ಷ ತುಂಬುವವರೆಗೆ ಎರಡನ್ನೂ ತೆರೆಯುವ ಹಾಗಿಲ್ಲ ಅಂತ ಅಕ್ಕ ತಾಕೀತು ಮಾಡಿದ್ದಾಳೆ.